ಮಂಗಳಾ ಬಿಟ್ಟ ಮೂರು ಬಸ್ಸು

ಹಿರಿಯೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಾಲಿನಿಂದ ತುಳಿದು ನಡೆಸುವ ಅಚ್ಚಿನ ಯಂತ್ರವೊಂದು ಇಂದಿಗೂ ಸದ್ದು ಮಾಡುತ್ತದೆ. ಅದು ಕಾಟಪ್ಪನದು. ಬಾಗಿಲ ಮೇಲೆ ‘ಬೆರಳು ಪ್ರಕಾಶನ’ ಎಂಬ ಹಲಗೆ. ಕಲಿಕೆ ನಿಧಾನವಾದ ಮಕ್ಕಳಿಗೆಂದೇ ಪುಸ್ತಕ ಮಾಡುವ ಈ ಮನುಷ್ಯ ಶಾಲೆಯಲ್ಲಿ ಓದಿದ್ದು ನಾಲ್ಕನೇ ತರಗತಿ. ಉಳಿದ ವಿದ್ಯೆಯನ್ನು ಅಚ್ಚಿನ ಮೊಳೆಗಳೇ ಕಲಿಸಿದವು. ಒಂದೊಂದು ಅಕ್ಷರದ ಸೀಸದ ಮೊಳೆಯನ್ನೂ ಬೆರಳಲ್ಲಿ ತಡವಿ, ಸಾಲಿಗೆ ಜೋಡಿಸುತ್ತ, ಕನ್ನಡವನ್ನು ಕೈಯಿಂದ ಕಲಿತವನು ಅವನು.

ಕಂಪ್ಯೂಟರು ಬಂದ ಮೇಲೆ ಲಗ್ನಪತ್ರಿಕೆಯವರೆಲ್ಲ ಬೇರೆ ಅಂಗಡಿ ಹಿಡಿದರು. ಯಂತ್ರವನ್ನು ಗುಜರಿಗೆ ಹಾಕು ಎಂದವರಿಗೆ ಕಾಟಪ್ಪನದು ಒಂದೇ ಉತ್ತರ: “ಮುದಿ ಆತು ಅಂತ ಎತ್ತನ್ನ ಹಟ್ಟಿಯಿಂದ ಅಟ್ತಾರೇನ್ರಿ?”

ಆ ಯಂತ್ರಕ್ಕೆ ಮರುಜೀವ ಬಂದದ್ದು ಹನ್ನೆರಡು ವರ್ಷದ ಹಿಂದೆ. ಕಾಟಪ್ಪನ ತಂಗಿ ಏಕಾಂತಮ್ಮ ಯಲ್ಲದಕೆರೆಯಲ್ಲಿ ಕೂಲಿ ಮಾಡುವವಳು. ಅವಳ ಮಗಳು ಮಂಗಳಾಳಿಗೆ ಹದಿನಾಲ್ಕು ತುಂಬಿದರೂ ಅಕ್ಷರ ತಲೆಗೆ ಹತ್ತಿರಲಿಲ್ಲ. ಗುರುತಿಲ್ಲದವರ ಎದುರು ಬಾಯಿಗೆ ಬೀಗ ಬೇರೆ. ಇಂಥ ಮಕ್ಕಳಿಗೆಂದು ಹಿರಿಯೂರಿನಲ್ಲಿ ಉಷಾರಾಣಿ ಟೀಚರು ನಡೆಸುತ್ತಿದ್ದ ಶಾಲೆಗೆ ತಾಯಿಯೇ ದಿನಾ ಬಸ್ಸಿನಲ್ಲಿ ಕರೆತಂದು, ಸಂಜೆಯವರೆಗೆ ಕಾದು, ಕರೆದೊಯ್ಯಬೇಕಿತ್ತು. ದಸರಾ ರಜೆ ಶುರುವಾದ ದಿನ ಅವಳು ಅಣ್ಣನೆದುರು ಖಡಾಖಂಡಿತ ಹೇಳಿದಳು:

“ರಜೆ ಮುಗಿಯೋದ್ರೊಳಗೆ ಇವಳು ಬೋರ್ಡು ನೋಡಿ ಒಬ್ಬಳೇ ಬಸ್ಸು ಹತ್ತಂಗಾದ್ರೆ ಸರಿ ಅಣ್ಣ. ಇಲ್ಲಾಂದ್ರೆ ಬಿಡಿಸ್ತೀನಿ. ಕೆಲ್ಸ ಬಿಟ್ಟು ಎಷ್ಟು ದಿನ ಅಂತ ಅಲೀಲಿ?”

“ಅಷ್ಟೇ ತಾನೆ? ಬಿಡು ನನಗೆ,” ಎಂದ ಕಾಟಪ್ಪ.

ಹಿಂದೆ ನಾಟಕದ ಪೋಸ್ಟರಿಗೆ ಬಳಸುತ್ತಿದ್ದ ಅಂಗೈಯಗಲದ ಮರದ ಮೊಳೆಗಳು ಅಟ್ಟದ ಮೇಲಿದ್ದವು. ಧೂಳು ಕೊಡವಿ ‘ಹಿರಿಯೂರು’ ಎಂದು ಜೋಡಿಸಿ ಮಂಗಳಾಳ ಮುಂದಿಟ್ಟ. ಕಣ್ಣಿಗೆ ದಕ್ಕದ ಅಕ್ಷರ ಬೆರಳಿಗೆ ದಕ್ಕಿತು. ಹತ್ತೇ ದಿನದಲ್ಲಿ ಹುಡುಗಿ ಮೊಳೆಗಳನ್ನು ಕಲಸಿ ಹಾಕಿದರೂ ತಾನೇ ಹೊಂದಿಸಿ ‘ಹಿರಿಯೂರು’ ಎನ್ನತೊಡಗಿದಳು. ಕಾಟಪ್ಪ ಓಣಿಯವರಿಗೆಲ್ಲ ಚಹಾ ಕುಡಿಸಿದ.

ರಜೆ ಮುಗಿಯಿತು. ಏಕಾಂತಮ್ಮ ಮಗಳನ್ನು ಯಲ್ಲದಕೆರೆಯ ಬಸ್ ತಂಗುದಾಣದಲ್ಲಿ ಕೂರಿಸಿ, ಎದುರಿನ ಚಹಾದಂಗಡಿಯ ಹುಚ್ಚಕ್ಕನಿಗೆ, “ಕಣ್ಣಿಟ್ಟಿರು, ಬಾಯಿ ಮಾತ್ರ ಬಿಡಬ್ಯಾಡ,” ಎಂದು ತಾಕೀತು ಮಾಡಿ ಕಳೆ ಕೀಳಲು ಹೋದಳು. ಮಧ್ಯಾಹ್ನಕ್ಕೆ ಹುಚ್ಚಕ್ಕನ ಫೋನು ಬಂತು:

“ಕಾಟಪ್ಪಣ್ಣ, ನಿನ್ನ ಶಿಷ್ಯೆ ಕಲ್ಲಿನ ಬಸವಣ್ಣನಂಗೆ ಕುಂತವಳೆ. ಮೂರು ಬಸ್ಸು ಬಂದ್ವು, ಮೂರೂ ಹೋದ್ವು!”

ಕಾಟಪ್ಪ ಓಡೋಡಿ ಬಂದ. “ಯಾಕವ್ವ, ಹಿರಿಯೂರು ಬಸ್ಸು ಬರಲಿಲ್ವಾ?”

“ಇಲ್ಲ ಮಾವ. ಒಂದೂ ಬರಲಿಲ್ಲ.”

ಅಷ್ಟರಲ್ಲಿ ನಾಲ್ಕನೆಯದು ಬಂದು ನಿಂತಿತು. ಕಾಟಪ್ಪ ಬೋರ್ಡಿಗೆ ಬೆರಳು ಮಾಡಿದ. ಮಂಗಳಾ ಗಾಳಿಯಲ್ಲಿ ಬಲದಿಂದ ಎಡಕ್ಕೆ ಬೆರಳಾಡಿಸಿ ನೋಡಿ ತಲೆಯಲ್ಲಾಡಿಸಿದಳು. “ನೀನು ಕಲಿಸಿದ ಹಿರಿಯೂರು ಬೇರೆ ಮಾವ. ಇದು ಬೇರೆ.”

ಕಾಟಪ್ಪನಿಗೆ ಆಗ ಹೊಳೆಯಿತು. ಅಚ್ಚಿನ ಮೊಳೆಯ ಮೇಲೆ ಅಕ್ಷರ ತಿರುಗುಮುರುಗಾಗಿ ಇರುತ್ತದೆ, ಕಾಗದಕ್ಕೆ ಒತ್ತಿದಾಗಲೇ ನೆಟ್ಟಗಾಗುವುದು. ನಲವತ್ತು ವರ್ಷ ಹಿಂದುಮುಂದಾದ ಅಕ್ಷರವನ್ನೇ ಓದಿ ಓದಿ ಅವನಿಗೆ ಅದೇ ನೆಟ್ಟಗೆ ಕಾಣುತ್ತಿತ್ತು. ಹುಡುಗಿಯ ತಪ್ಪು ಎಳ್ಳಷ್ಟೂ ಇರಲಿಲ್ಲ. ಕಲಿಸಿದ್ದನ್ನು ಅವಳು ಚಾಚೂ ತಪ್ಪದೆ ಕಲಿತಿದ್ದಳು.

ಅದೇ ಬಸ್ಸಿಗೆ ಮಂಗಳಾಳನ್ನು ಹತ್ತಿಸಿಕೊಂಡು ಶಾಲೆಗೆ ಬಂದು, ಮೊಳೆಗಳನ್ನು ತರಿಸಿ ತೋರಿಸಿದ. ಉಷಾರಾಣಿ ಟೀಚರು ನಗು ತಡೆಯಲಾರದೆ, “ಕಾಟಪ್ಪನೋರೇ, ಇದನ್ನ ಓದಬೇಕಂದ್ರೆ ಕನ್ನಡಿ ಹಿಡೀಬೇಕಲ್ರಿ!” ಎಂದರು. ಆಮೇಲೆ ಅವನ ಮುಖ ನೋಡಿ, “ಕುಂತ್ಕಳ್ರಿ. ನಾವು ವರ್ಷವಿಡೀ ಗುದ್ದಾಡಿದ್ರೂ ಒಂದಕ್ಷರ ಹಿಡೀದ ಮಗು ಹತ್ತು ದಿನಕ್ಕೆ ಒಂದು ಊರೇ ಹಿಡಿದಾಳೆ. ನಿಮ್ಮ ದಾರಿ ಸರಿ ಐತೆ, ದಿಕ್ಕು ತಪ್ಪೈತೆ ಅಷ್ಟೆ,” ಎಂದರು.

ಸಂಜೆ ಏಕಾಂತಮ್ಮ ಬಂದವಳೇ, “ಸಾಕು ಕಣಣ್ಣ. ನಾಳೆಯಿಂದ ನನ್ನ ಜೊತೆ ಹೊಲಕ್ಕೆ ಬರ್ತಾಳೆ,” ಎಂದಳು.

“ಬರೋ ಸೋಮವಾರದವರೆಗೆ ತಡಿ. ಕೆಡಿಸಿದವನು ನಾನು, ನೆಟ್ಟಗೆ ಮಾಡೋನೂ ನಾನೇ.”

ಆ ರಾತ್ರಿ ಅವನಿಗೆ ಅನ್ನ ಸೇರಲಿಲ್ಲ. ಬೆಳಗ್ಗೆ ಎದ್ದು ದಪ್ಪ ರಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮೆತ್ತಗೆ ಮಾಡಿದ. ಯಂತ್ರಕ್ಕೆ ಮಸಿ ಸವರದೆ, ಮೊಳೆಯನ್ನು ಅದರ ಮೇಲೆ ಒಂದಲ್ಲ, ಮೂರು ಸಲ ಒತ್ತಿದ. ತೆಗೆದು ನೋಡಿದರೆ ರಟ್ಟಿನೊಳಕ್ಕೆ ಅಕ್ಷರ ಇಳಿದಿದೆ: ನೆಟ್ಟಗೆ, ನೇಗಿಲು ಹೊಡೆದ ಸಾಲಿನಂತೆ. ಮಂಗಳಾಳ ಬೆರಳು ಆ ಸಾಲಿಗೆ ಇಳಿದದ್ದೇ ದಾರಿ ಬಿಟ್ಟು ಅತ್ತಿತ್ತ ಹೋಗಲಿಲ್ಲ. ಹಳೆಯ ರೂಢಿಯಂತೆ ಎರಡು ದಿನ ಬಲದಿಂದಲೇ ಶುರು ಮಾಡಿದಳು. ಮೂರನೆಯ ದಿನ ಕಾಟಪ್ಪ ಎಡಗಡೆ ಹುಣಸೆಬೀಜ ಅಂಟಿಸಿದ. “ಇಲ್ಲಿಂದ ಹೊರಡಾಣ,” ಎಂದ. ಹೊರಟಳು. ವಾರ ಮುಗಿಯುವಷ್ಟರಲ್ಲಿ ಹೊಸದುರ್ಗ ಸೇರಿ ಇನ್ನೂ ಮೂರು ಊರಿನ ರಟ್ಟು ಅವಳ ಬೆರಳಿಗೆ ದಕ್ಕಿದವು.

ಸೋಮವಾರ ಬೆಳಗ್ಗೆ ಕಾಟಪ್ಪ ಅಂಗಡಿ ತೆರೆಯದೆ ಹಿರಿಯೂರಿನ ನಿಲ್ದಾಣದಲ್ಲಿ ನಿಂತಿದ್ದ. ಮೊದಲ ಬಸ್ಸಿನಲ್ಲಿ ಅವಳಿರಲಿಲ್ಲ. ಎರಡನೆಯದರಿಂದ ಎಲ್ಲರೂ ಇಳಿದ ಮೇಲೆ ಕಡೆಯವಳಾಗಿ ಮಂಗಳಾ ಇಳಿದಳು. ಒಬ್ಬಳೇ.

“ಮೊದಲನೇದು ಯಾಕೆ ಬಿಟ್ಟೆ?”

“ಅದರ ಬೋರ್ಡು ಹೊಸದುರ್ಗದ್ದು ಮಾವ,” ಎಂದಳು, ಇಷ್ಟೂ ಗೊತ್ತಿಲ್ಲವೇ ಎಂಬಂತೆ. ಹೊಸದುರ್ಗದಿಂದ ಬಂದ ಆ ಬಸ್ಸಿನವರು ಬೋರ್ಡು ಬದಲಿಸಿರಲಿಲ್ಲ.

ಕಾಟಪ್ಪ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡ. ಬಿಸಿಲಿನ್ನೂ ಏರಿರಲಿಲ್ಲ.

ಹೀಗೆ ನಾಲ್ಕು ಊರಿನ ಬಸ್ ಬೋರ್ಡುಗಳೇ ‘ಬೆರಳು ಪ್ರಕಾಶನ’ದ ಮೊದಲ ಪುಸ್ತಕವಾದವು. ಉಷಾರಾಣಿ ಟೀಚರ ಮಾತು ಕೇಳಿ ಹೊಳಲ್ಕೆರೆ, ಹೊಸದುರ್ಗದ ಇಂಥದೇ ಶಾಲೆಯವರು ತರಿಸಿಕೊಂಡರು. ಚಿತ್ರದುರ್ಗದ ದಯಾನಂದ ಮೇಷ್ಟ್ರು ‘ಗಂಡಸರು’, ‘ಹೆಂಗಸರು’, ‘ಔಷಧಿ ಅಂಗಡಿ’, ‘ಅಪಾಯ’ ಬೇಕೆಂದರು. ಕಾಟಪ್ಪ ಅವನ್ನೂ ಮಾಡಿದ. ಕಂಪ್ಯೂಟರಿನ ನುಣುಪು ಕಾಗದದಲ್ಲಿ ಇಂಥ ಸಾಲು ಎಲ್ಲಿಂದ ಬರಬೇಕು? ಹಟ್ಟಿಯ ಮುದಿ ಎತ್ತೇ ಹೊಲ ಉತ್ತಿತು.

ಮಂಗಳಾಳಿಗೆ ಈಗ ಇಪ್ಪತ್ತಾರು. ಇಂದಿಗೂ ಯಲ್ಲದಕೆರೆಯಿಂದ ಒಬ್ಬಳೇ ಬಸ್ಸಿಗೆ ಬಂದು ಅಂಗಡಿಯ ಮಣೆಯ ಮೇಲೆ ಕೂರುತ್ತಾಳೆ. ಅವಳ ಬೆರಳು ಓಡದೆ ಒಂದು ಹಾಳೆಯೂ ಹೊರಗೆ ಹೋಗುವಂತಿಲ್ಲ. ಮೊನ್ನೆ ‘ಮಾಡದಕೆರೆ’ಯ ಹಾಳೆಯನ್ನು ತಡವಿ ನೋಡಿ ಮಾವನ ಕಡೆಗೆ ತಳ್ಳಿದಳು.

“ಆಳ ಸಾಲದು ಮಾವ. ಇನ್ನೊಂದು ಸಲ ತುಳಿ.”

ಕಾಟಪ್ಪ ಹಾಳೆಯನ್ನು ಮತ್ತೆ ಯಂತ್ರಕ್ಕಿಟ್ಟು ತುಳಿದ.