ಮುರಿಯದ ಮೊಣಕಾಲು

ಕೊಪ್ಪದ ಕಾಲೇಜಿನಲ್ಲಿ ನಾನು ಕಬಡ್ಡಿ ಆಡುತ್ತಿದ್ದೆ. ಆಗಷ್ಟೇ ಪೇಟೆಗೆ ಸೈಬರ್ ಕೆಫೆ ಬಂದಿತ್ತು. ನಮ್ಮ ಕೋಚ್ ತಂಡಕ್ಕೊಂದು ಇಮೇಲ್ ಮಾಡಿಸಿ, ಪಾಸ್‌ವರ್ಡನ್ನು ಎಲ್ಲರಿಗೂ ಹೇಳಿಬಿಟ್ಟಿದ್ದರು. "ನಮ್ಮನಮ್ಮಲ್ಲಿ ಎಂತ ಗುಟ್ಟು?" ಎನ್ನುತ್ತಿದ್ದರು.

ಆ ವರ್ಷ ರಾಜ್ಯ ಜೂನಿಯರ್ ತಂಡದ ಶಿಬಿರಕ್ಕೆ ನನ್ನನ್ನು ಕರೆಯುತ್ತೇವೆಂದು ಆಯ್ಕೆಗಾರರೇ ಹೇಳಿ ಹೋಗಿದ್ದರು. ಕರೆ ಬರಲಿಲ್ಲ. ನಮ್ಮದೇ ತಂಡದ, ಶೃಂಗೇರಿ ಕಡೆಯ ಹುಡುಗಿ ಹೋದಳು. ಕೋಚ್ ಫೋನ್ ಮಾಡಿ ವಿಚಾರಿಸಿದರೆ ಅಲ್ಲಿಯವರು, "ನಾವು ಮೊದಲು ಕರೆದವಳ ಮೊಣಕಾಲು ಮುರಿದಿದೆ ಅಂತ ನೀವೇ ಮೇಲ್ ಕಳಿಸಿದ್ದೀರಲ್ಲ? ಅದಕ್ಕೇ ಪಟ್ಟಿಯಲ್ಲಿ ಮುಂದಿನವಳನ್ನ ಕರೆದೆವು," ಎಂದರು.

ಕೆಫೆಗೆ ಓಡಿದೆವು. ನನಗೆ ಬಂದ ಕರೆಯೂ, ಅದಕ್ಕೆ ಕೋಚ್ ಹೆಸರಿನಲ್ಲಿ ಯಾರೋ ಬರೆದ ಉತ್ತರವೂ ತಂಡದ ಮೇಲ್‌ನಲ್ಲೇ ಇದ್ದವು. ಕೋಚ್ ಮತ್ತೆ ಫೋನ್ ಮಾಡಿ ಬೇಡಿಕೊಂಡರು. ಶಿಬಿರ ಶುರುವಾಗಿದೆ, ಇನ್ನು ಆಗದು ಎಂದರು ಅಲ್ಲಿಯವರು.

ಠಾಣೆಗೆ ಹೋಗಿ ಹೇಳಿದೆ. "ಪಾಸ್‌ವರ್ಡನ್ನ ಊರಿಗೆಲ್ಲ ಹಂಚಿ, ಈಗ ಕಳ್ಳರನ್ನ ನಾವು ಹುಡುಕಬೇಕಾ ಮಾರಾಯ್ತಿ?" ಎಂದು ಪೇದೆ ನಕ್ಕ. ಕೋಚ್ ಕೂಡ, "ಬಿಡು, ತಂಡ ಒಡೆಯೋದು ಬೇಡ," ಎಂದರು.

ಮುಂದಿನ ವರ್ಷಕ್ಕೆ ಜೂನಿಯರ್ ತಂಡದ ವಯಸ್ಸು ನನಗೆ ಮೀರಿತ್ತು. ಶೃಂಗೇರಿಯ ಹುಡುಗಿ ರಾಜ್ಯ ತಂಡದ ಜೆರ್ಸಿ ಹಾಕಿಕೊಂಡೇ ಅಭ್ಯಾಸಕ್ಕೆ ಬರುತ್ತಿದ್ದಳು. "ನೀನೇನಾ?" ಎಂದು ಒಮ್ಮೆ ಕೇಳಿದೆ.

"ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿತ್ತಲ್ಲ," ಎಂದಳು, ಅಷ್ಟೇ.

ನರಸಿಂಹರಾಜಪುರದ ಪಂದ್ಯದಲ್ಲಿ ಎದುರಾಳಿ ರೈಡಿಗೆ ಬಂದಾಗ ನಾವಿಬ್ಬರೂ ಕೈಕೈ ಹಿಡಿದು ನಿಲ್ಲಬೇಕಿತ್ತು. ಹಿಡಿದೆ. ಅವಳ ಅಂಗೈ ಒಣಗಿತ್ತು. ಬೆವೆತಿದ್ದುದು ನನ್ನದು.