ಗೋಡೆಯಾಚೆಗೆ ಕೇಳದ ಗಿಟಾರ್

ನಾಗಭೂಷಣ್ ಅಂಕಲ್ ಎಲೆಕ್ಟ್ರಿಕ್ ಗಿಟಾರ್ ನುಡಿಸುವಾಗ ನಮ್ಮ ಮನೆಗೆ ಹೆಚ್ಚಾಗಿ ಕೇಳಿಸುತ್ತಿದ್ದದ್ದು ಅವರ ಬಲಗಾಲಿನ ಸದ್ದು. ತಾಳಕ್ಕೆ ಸರಿಯಾಗಿ ನೆಲಕ್ಕೆ ಹಿಮ್ಮಡಿ ಕುಟ್ಟುತ್ತಿದ್ದರು. ಗಿಟಾರ್ ಎಲ್ಲಿ ಹೋಯಿತು ಎಂದು ನಾನು ಎಷ್ಟೋ ದಿನ ಯೋಚಿಸಿದ್ದೇನೆ.

ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಮೂರೇ ಮನೆ. ಒಂದು ತುದಿಯಲ್ಲಿ ನಾನು, ಅಮ್ಮ; ಇನ್ನೊಂದು ತುದಿಯಲ್ಲಿ ಮನೆಯೊಡತಿ ಗಿರಿಜಮ್ಮ; ನಡುವೆ ನಾಗಭೂಷಣ್ ಅಂಕಲ್ ಒಬ್ಬರೇ. ಬೆಳಗಿನ ಪಾಳಿಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ. ಗಣೇಶನ ಹಬ್ಬ ಬಂದರೆ ಆರ್ಕೆಸ್ಟ್ರಾ. ಇಪ್ಪತ್ತು ವರ್ಷ ಬೇರೆಯವರ ಹಾಡಿಗೇ ನುಡಿಸಿದವರಿಗೆ, ತಮ್ಮದೇ ಹನ್ನೆರಡು ಟ್ಯೂನ್‌ಗಳ ಒಂದು ಕ್ಯಾಸೆಟ್ ಮುಗಿಸಬೇಕೆಂಬ ಆಸೆ. ಸದ್ದಿನ ಜಗಳದಿಂದಲೇ ಎರಡು ಮನೆ ಖಾಲಿ ಮಾಡಿ ಬಂದಿದ್ದರು.

"ಶ್ರೀರಾಂಪುರದಲ್ಲಿ ಆರು ತಿಂಗಳು, ತ್ಯಾಗರಾಜನಗರದಲ್ಲಿ ಒಂಬತ್ತು ತಿಂಗಳು. ಇಲ್ಲೂ ಓಡಿಸಿದ್ರೆ ಆಂಪ್ಲಿಫೈಯರ್ ಮಾರ್ಬಿಡ್ತೀನಿ ಅಕ್ಕಾ, ಸಾಕಾಗಿದೆ," ಎಂದು ಅಮ್ಮನ ಹತ್ತಿರ ಹೇಳಿಕೊಂಡಿದ್ದರು.

ಗಿರಿಜಮ್ಮನದು ಮೊದಲ ದಿನವೇ ಖಡಾಖಂಡಿತ ಮಾತು. "ನೀವು ಏನಾದ್ರೂ ನುಡಿಸ್ಕೊಳ್ಳಿ. ನನ್ನ ಕಿವಿಗೆ ಬೀಳಬಾರದು." ಆ ವರ್ಷ ಅವರ ಮಗಳು ಬಾಣಂತನಕ್ಕೆ ಬಂದಿದ್ದಳು. ತೊಟ್ಟಿಲು ಇದ್ದದ್ದು ಅಂಕಲ್ ಕೋಣೆಯ ಗೋಡೆಗೆ ಒತ್ತಿಕೊಂಡೇ.

ಅಂಕಲ್ ಅದಕ್ಕೆ ಒಂದು ದಾರಿ ಹುಡುಕಿಕೊಂಡಿದ್ದರು. ಆಂಪ್ಲಿಫೈಯರಿನ ಬೆನ್ನಲ್ಲಿ ಒಂದು ತೂತು. ಅದರಿಂದ ನೇರವಾಗಿ ಟೇಪ್ ರೆಕಾರ್ಡರಿಗೆ ವೈರು. ಸ್ಪೀಕರ್ ಕೂಗದಿದ್ದರೂ ಗಿಟಾರಿನ ದನಿ ಟೇಪಿಗೆ ಇಳಿಯುತ್ತದೆ. ನುಡಿಸುವವರು ಹೆಡ್‌ಫೋನಿನಲ್ಲಿ ಕೇಳಿಕೊಳ್ಳಬಹುದು. ಮೊದಲ ದಿನ ಎಲ್ಲಿ ಸದ್ದಾದೀತೋ ಎಂದು ಸ್ಪೀಕರಿನ ವೈರನ್ನೇ ಕಿತ್ತುಹಾಕಿ ನುಡಿಸಿದರು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ನಮ್ಮ ಅಡುಗೆಮನೆಗೂ ಬಂತು. ಅದು ಹಳೆಯ ವಾಲ್ವ್ ಆಂಪ್ಲಿಫೈಯರ್. ಒಳಗಿನ ಟ್ರಾನ್ಸ್‌ಫಾರ್ಮರ್ ಹೋಗಿತ್ತು.

"ಎಕ್ಸ್‌ಚೇಂಜಲ್ಲಿ ಊರಿನ ಫೋನೆಲ್ಲ ರಿಪೇರಿ ಮಾಡ್ತೀರಿ, ಇದು ಗೊತ್ತಾಗ್ಲಿಲ್ವಾ?" ಎಂದು ಅಮ್ಮ ಕೆಣಕಿದರು.

"ಗೊತ್ತಿತ್ತು ಅಕ್ಕಾ. ಹೆದರಿಕೇಲಿ ಮರ್ತೆ. ಇದಕ್ಕೆ ಹೊರೋಕೆ ಏನಾದ್ರೂ ಇರ್ಲೇಬೇಕು, ಇಲ್ದಿದ್ರೆ ತನ್ನನ್ನ ತಾನೇ ಸುಟ್ಕೊಳ್ಳುತ್ತೆ."

ಟ್ರಾನ್ಸ್‌ಫಾರ್ಮರಿಗೆ ಹೊಸ ತಂತಿ ಸುತ್ತಿಸಲು ಹದಿನೇಳು ದಿನ ಹಿಡಿಯಿತು. ಆಮೇಲೆ ಸ್ಪೀಕರಿನ ಬದಲು ಅದರ ಹೊರೆ ಹೊರಲು ಒಂದು ದಪ್ಪ ರೆಸಿಸ್ಟರ್ ಸಿಕ್ಕಿಸಿದರು. ಅದು ಕಾದು ಬಿಸಿಯಾಗುತ್ತಿದ್ದುದರಿಂದ ಕಡಪ ಕಲ್ಲಿನ ತುಂಡಿನ ಮೇಲೆ ಇಟ್ಟಿರುತ್ತಿದ್ದರು. ಹೀಗೆ ನೇರವಾಗಿ ಇಳಿದ ದನಿ ತಗಡಿನ ಡಬ್ಬಿಯೊಳಗಿನ ನೊಣದಂತಿತ್ತು. ಅದರ ಚೂಪನ್ನು ಕಳೆಯಲು ನಡುವೆ ಸೇರಿಸುವ ಪುಟ್ಟ ಪೆಟ್ಟಿಗೆಯೊಂದನ್ನು ತಾವೇ ಮಾಡಿದರು. ಹನ್ನೊಂದು ಸಲ ಬಿಚ್ಚಿ ಕಟ್ಟಿದ್ದು ನನ್ನ ಡೈರಿಯಲ್ಲಿದೆ.

ನಾನಾಗ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದೆ. ಡೈರಿ ಬರೆಯುವ ನನ್ನ ಚಟ ಗೊತ್ತಿದ್ದ ಅವರು ಒಂದು ಮಧ್ಯಾಹ್ನ ಬಾಗಿಲಿಗೆ ಬಂದರು. "ನೋಡಮ್ಮ, ಎರಡರಿಂದ ನಾಲ್ಕು ಗೋಡೆ ಪಕ್ಕ ಕೂತ್ಕೊ. ಏನಾದ್ರೂ ಸದ್ದು ಶುರುವಾದಾಗೆಲ್ಲ ಒಂದು ಗೆರೆ ಹಾಕು. ನಿಮ್ಮ ಕಡೆ ಕೇಳ್ದಿದ್ರೆ ಮಗು ಕಡೆನೂ ಕೇಳಲ್ಲ."

ಮೊದಲ ದಿನ ನಲವತ್ತೊಂದು ಗೆರೆ. ಒಂದೂ ಗಿಟಾರಿನದಲ್ಲ. ಕಾಲಿನದು ಇಪ್ಪತ್ತಾರು, ಕುರ್ಚಿಯದು ಆರು, ಉಳಿದ ಒಂಬತ್ತು ಅವರ ಬಾಯಿಯದು.

"ಬಾಯಿಯದಾ? ನಾನು ಹಾಡೋದೇ ಇಲ್ವಲ್ಲ."

"ತಪ್ಪಿದಾಗೆಲ್ಲ 'ಛೆ' ಅಂತೀರಿ ಅಂಕಲ್."

ಅವರು ಡೈರಿಯನ್ನು ಗಂಭೀರವಾಗಿ ನೋಡಿದರು. "ಒಂಬತ್ತೇನಾ? ನಾನು ಜಾಸ್ತಿ ತಪ್ಪಿದ್ದೆ," ಎಂದರು.

ಮಾರನೆಯ ದಿನದಿಂದ ಕಾಲಡಿ ಮಡಚಿದ ಕಂಬಳಿ, ಕುರ್ಚಿಯ ಬದಲು ಚಾಪೆ, ಬಾಯಲ್ಲಿ ಲವಂಗ, ತಂತಿ ಜೋರಾದ ಕಡೆ ಅದರ ಮೇಲೆ ಅಂಗೈ. ಮೂರನೆಯ ವಾರಕ್ಕೆ ಗೆರೆಗಳು ಎರಡಕ್ಕೆ ಇಳಿದವು. ಮಗು ಮೂರು ತಿಂಗಳು ನಿದ್ದೆ ಮಾಡಿತು. ಅಷ್ಟರಲ್ಲಿ ಹನ್ನೆರಡು ಟ್ಯೂನ್‌ಗಳಲ್ಲಿ ಏಳು ಮುಗಿದಿದ್ದವು.

ಬಾಣಂತಿ ಅತ್ತೆಮನೆಗೆ ಹೋದ ಮೇಲೆ "ಇನ್ನು ಸ್ಪೀಕರ್ ಹಾಕ್ಬಹುದಲ್ಲಾ ಅಂಕಲ್" ಎಂದೆ. "ಬೇಡಮ್ಮ. ಮನೆ ಉಳಿದಿದೆ, ಸಾಕು," ಎಂದರು. ಉಳಿದ ಐದಕ್ಕೆ ಇನ್ನೂ ಎರಡು ವರ್ಷ ಹಿಡಿಯಿತು.

ಆಮೇಲೆ ಅವರಿಗೆ ಮೈಸೂರಿಗೆ ವರ್ಗವಾಯಿತು. ಹೊರಡುವ ದಿನ ಸಾಮಾನೆಲ್ಲ ಟೆಂಪೋಗೆ ಏರಿ, ಗಿಟಾರೂ ಆಂಪ್ಲಿಫೈಯರೂ ಮಾತ್ರ ಜಗುಲಿಯ ಮೇಲೆ ಉಳಿದಿದ್ದವು. ಗಿರಿಜಮ್ಮ ಆಂಪ್ಲಿಫೈಯರಿಗೆ ಒಂದು ಸುತ್ತು ಬಂದು ನೋಡಿದರು.

"ಇಷ್ಟು ವರ್ಷ ಇದ್ರಿ. ಒಂದು ದಿನಾನೂ ಕೇಳಿಸ್ಲಿಲ್ವಲ್ರೀ."

"ಬೇಡ ಅಂದಿದ್ರಿ ಅಮ್ಮಾ."

"ಅಂದಿದ್ದೆ. ಈಗ ಅಂತಿಲ್ವಲ್ಲ, ನುಡಿಸಿ."

ಅಂಕಲ್ ಸ್ಪೀಕರಿಗೆ ವೈರು ಸಿಕ್ಕಿಸಿ ಜಗುಲಿಯ ಮೇಲೆಯೇ ಕುಳಿತರು. ನಾಲ್ಕು ಸ್ವರ ಬಂದವು. ದನಿ ಏರಬೇಕಾದ ಕಡೆ ಅವರ ಬಲ ಅಂಗೈ ತಾನಾಗಿ ತಂತಿಗಳ ಮೇಲೆ ಒರಗಿ ಅದನ್ನು ಅಡಗಿಸಿತು. ಮತ್ತೆ ನುಡಿಸಿದರು, ಮತ್ತೆ ಹಾಗೆಯೇ ಆಯಿತು. ಮೂರನೆಯ ಸಲ ಅವರೇ ಕೈಯನ್ನು ನೋಡಿಕೊಂಡು ನಕ್ಕರು.

"ಕೈ ಕೇಳ್ತಿಲ್ಲ ಅಮ್ಮಾ, ಅಭ್ಯಾಸ ಆಗೋಗಿದೆ. ಇದನ್ನ ಇಟ್ಕೊಳ್ಳಿ," ಎಂದು ಚೀಲದಿಂದ ಕ್ಯಾಸೆಟ್ ತೆಗೆದುಕೊಟ್ಟರು. "ಹನ್ನೆರಡೂ ಇದರಲ್ಲಿದೆ. ಎಲ್ಲ ನಿಮ್ಮ ಮನೇಲೇ ನುಡಿಸಿದ್ದು."

ಡ್ರೈವರ್ ಹಾರನ್ ಒತ್ತಿದ. ಅಂಕಲ್ ಗಿಟಾರನ್ನು ಹಿಂದೆ ಇರಿಸಿ, ಆಂಪ್ಲಿಫೈಯರನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಗಿರಿಜಮ್ಮ ಒಳಗೆ ಹೋಗಿ ಕ್ಯಾಸೆಟ್ ಹಾಕಿದರು. ಬಾಗಿಲು, ಕಿಟಕಿ ತೆರೆದು ಸೌಂಡನ್ನು ಪೂರ್ತಿ ಏರಿಸಿದರು. ಎದುರು ಮನೆಯವರು ಹೊರಗೆ ಬಂದು ನೋಡಿದರು. ಟೆಂಪೋ ಆಗಲೇ ತಿರುವು ದಾಟಿತ್ತು.