ಬಂಗಲೆಯ ಬಿಸಿನೀರು

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ಅಕ್ಕನಿಗೆ ಮಾನ್ವಿಯಿಂದ ಒಂದು ಸಂಬಂಧ ಬಂತು. ಅದಕ್ಕೆ ಆರು ತಿಂಗಳ ಹಿಂದೆ ರಾಯಚೂರಿನ ಸಂಬಂಧವೊಂದು ಮುರಿದಿತ್ತು. ಕಾರಣ ಜಾತಕವಲ್ಲ, ನಾನು. ವರನ ಸೋದರಮಾವ ಹೇಗೆ ಸೀನುತ್ತಾರೆಂದು ಅಡಿಗೆಮನೆಯಲ್ಲಿ ಮಾಡಿ ತೋರಿಸುತ್ತಿದ್ದೆ. ನೀರು ಕೇಳಲು ಬಂದ ಅವರು ಬಾಗಿಲಲ್ಲೇ ನಿಂತಿದ್ದರು. ಅಂದಿನಿಂದ ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಳು.

"ಈ ಸಲ ಬಾಯಿ ತೆರದೀ ಅಂದ್ರ ಮನಿ ಬಿಡಬೇಕು, ನೋಡು," ಎಂದರು ಅಪ್ಪ.

ದೇವದುರ್ಗದ ನಮ್ಮ ಮನೆಯಲ್ಲಿ ಕಾಲು ಚಾಚಿದರೆ ಪಕ್ಕದ ಮನೆಯವರು ಕೆಮ್ಮುತ್ತಿದ್ದರು. ಹಾಗಾಗಿ ಅಪ್ಪ ಯಾರ್ಯಾರನ್ನೋ ಕಾಡಿ, ಬೀಗರಾಗಬೇಕಾದವರಿಗೆ ಇಳಿದುಕೊಳ್ಳಲು ನಿಜಾಮರ ಕಾಲದ ಸರ್ಕಾರಿ ಬಂಗಲೆ ಕೊಡಿಸಿದರು. ಆನೆ ಹೋಗುವಂಥ ಬಾಗಿಲು, ಗೋಡೆಯ ಮೇಲೆ ಹಲ್ಲುದುರಿದ ಹುಲಿಯ ತಲೆ, ಬಚ್ಚಲಲ್ಲಿ ಹೊಚ್ಚಹೊಸ ಗೀಜರು. ಅದನ್ನು ಕಾವಲುಗಾರ ತನ್ನ ಮೊದಲ ಮೊಮ್ಮಗನನ್ನು ತೋರಿಸುವ ಹಾಗೆ ತೋರಿಸುತ್ತಿದ್ದ.

ಶುಕ್ರವಾರ ಬೆಳಗ್ಗೆ ಅಪ್ಪ, ನಾನು ಅವರನ್ನು ಕರೆತರಲು ಹೋದಾಗ ವರನ ಅಜ್ಜಿ ಬಚ್ಚಲ ಹೊಸ್ತಿಲಲ್ಲೇ ನಿಂತರು. "ನಳದಾಗ ಚರ್ಮ ಇರ್ತದಂತಲ್ಲೋ, ಖರೇನು?"

"ಅಸಲಿ ಚರ್ಮದ ವಾಸರ್ ರೀ ಅಮ್ಮಾರ!" ಕಾವಲುಗಾರ ಎದೆಯುಬ್ಬಿಸಿದ. "ಮೊನ್ನೇನ ಹಾಕ್ಸೀನ್ರಿ. ಒಂದು ಹನಿ ಸೋರಂಗಿಲ್ಲ."

ಮುಗಿಯಿತು. ಚರ್ಮ ಮುಟ್ಟಿದ ನೀರು ಮಡಿಗೆ ಬಾರದು. ಅಜ್ಜಿಗೆ ಸ್ನಾನ, ಪೂಜೆ ಆಗದೆ ಯಾರೂ ಹೆಣ್ಣು ನೋಡಲು ಹೊರಡುವಂತಿಲ್ಲ, ಹತ್ತೂವರೆಗೆ ರಾಹುಕಾಲ.

"ನಿಮ್ಮ ಮಗಗ ಮುಂಜಿವಿ ಆಗ್ಯದಲ್ರೀ? ಬಾವಿಗೆ ಕಳಸ್ರಿ," ಎಂದರು ಅಜ್ಜಿ ಅಪ್ಪನಿಗೆ.

ಹೀಗೆ ನಾನು ಚಳಿಗಾಲದಲ್ಲಿ, ಹಸಿ ಧೋತರದಲ್ಲಿ, ಬಂಗಲೆಯ ಹಿತ್ತಲ ಬಾವಿಯಿಂದ ಕೊಡ ಸೇದತೊಡಗಿದೆ. ಒಳಗೆ ಗೀಜರು ಯಾರಿಗೂ ಬೇಡವಾಗಿ ಗುಂಯ್ಗುಡುತ್ತಿತ್ತು. ಮೂರನೆಯ ಕೊಡಕ್ಕೆ ಹಲ್ಲು ಕಟಕಟ ಎಂದಿತು. ಯಾರೂ ಕಾಣದ್ದರಿಂದ ಬಾಯಿಯೂ ತೆರೆಯಿತು. ವರನ ತಂದೆ ಮೂಗಿನಿಂದ "ಹಿಂಗ ನೋಡ್ರಿ" ಎನ್ನದೆ ಮಾತೇ ಆಡುವವರಲ್ಲ.

"ಹಿಂಗ ನೋಡ್ರಿ, ನೀರು ಅಂದ್ರ, ಹಿಂಗ ನೋಡ್ರಿ, ಒದ್ದಿ ಇರ್ತದ," ಎಂದು ಬಾವಿಗೆ ಉಪದೇಶ ಮಾಡಿದೆ.

"ಮೂಗು ಸಾಲೂದಿಲ್ಲ."

ತಿರುಗಿದರೆ ಅಜ್ಜಿ. ಹಗ್ಗ ಕೈಜಾರಿ ಕೊಡ ದುಡುಂ ಎಂದಿತು.

"ನನ್ನ ಮಗ ಇನ್ನೂ ಮ್ಯಾಲಿಂದ ಎಳೀತಾನ," ಎಂದವರೇ ನಗದೆ ಹೋದರು.

ಹತ್ತು ಗಂಟೆಗೆ ಎಲ್ಲರೂ ನಮ್ಮ ಮನೆಯಲ್ಲಿ. ನನಗೆ ಧೋತರ ಬದಲಿಸಲೂ ಪುರುಸೊತ್ತಿರಲಿಲ್ಲ. ಅಕ್ಕ ಉಪ್ಪಿಟ್ಟಿನ ತಟ್ಟೆ ತಂದಳು. ಅಜ್ಜಿ ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಏ ಹುಡುಗಾ, ಬಾವೀಕಡಿ ಮಾಡಿದ್ಯಲ್ಲ, ಅದನ್ನ ಇಲ್ಲಿ ಮಾಡು."

ಅಪ್ಪ ಕಣ್ಣು ಮುಚ್ಚಿದರು.

"ಹಿಂಗ ನೋಡ್ರಿ, ಏನು ಮಾಡಿದಾ ಇಂವ?" ಎಂದರು ವರನ ತಂದೆ. ಅಜ್ಜಿ ಹೇಳಿದ್ದು ನಿಜ, ಇನ್ನೂ ಮೇಲಿಂದಲೇ ಎಳೆದರು. ನಾಲಿಗೆಯ ತುದಿಯವರೆಗೆ ಬಂದ ಆ ಮೂಗನ್ನು ನುಂಗಿದೆ. ನನಗೆ ಗೊತ್ತಿದ್ದ ಇನ್ನೊಬ್ಬ ಮಂಗನನ್ನು, ಅಂದರೆ ಬಾವಿಕಟ್ಟೆಯ ನನ್ನನ್ನೇ, ಹಿಡಿದೆ. ಹೆಗಲು ಕುಗ್ಗಿಸಿ, ಧೋತರ ಬಿಗಿಹಿಡಿದು, ಹಲ್ಲು ಕಡಿಯುತ್ತ:

"ಅಅಜ್ಜೀ, ಇಇನ್ನೂ ಎಷ್ಟು ಕೊಕೊಡಾ ರೀ?"

ಮೊದಲು ನಕ್ಕವರು ವರನ ತಂದೆ, ಅದೂ ಮೂಗಿನಿಂದಲೇ. ಆಮೇಲೆ ವರ. ಅಜ್ಜಿ ನಗಲಿಲ್ಲ. "ಹುಡುಗಿ ಒಪ್ಪಿಗಿ ಅದ," ಎಂದರು. "ಮದಿವ್ಯಾಗ ಮಡಿನೀರು ಮಾತ್ರ ಇವನಽ ಸೇದಬೇಕು."

ಅವರು ಹೋದ ಮೇಲೆ, ಆರು ತಿಂಗಳಲ್ಲಿ ಮೊದಲ ಸಲ, ಅಕ್ಕ ನನ್ನೊಡನೆ ಮಾತಾಡಿದಳು:

"ಹೋಗಲೇ, ಒಣಾ ಧೋತರ ಉಟ್ಕೋ."